ಕಾಲೇಜಿನ ಅಂಗಳದಲ್ಲಿ ಭಾನುವಾರದ ಸಂತೆ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದವರು ಡಿಸ್ನಿಲ್ಯಾಂಡ್, ಹಾಲಿವುಡ್ ನೋಡಿ ಬಂದ ಸುದ್ದಿ ಬರೆಯುವುದು ವಾಡಿಕೆ. 2025ರ ಕೊನೆಗೆ ಹೋಗಿದ್ದ ನಾವು ಗಂಡಹೆಂಡತಿ ಅವನ್ನೂ ನೋಡಿದೆವು. ಆದರೆ ಮನಸ್ಸಿನಲ್ಲಿ ಉಳಿದದ್ದು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಕಂಡ ಒಂದು ಸಂತೆ. ಅದನ್ನೇ ನಮ್ಮ ಧರ್ಮಕೇಂದ್ರದ ಕುಟುಂಬಗಳೊಡನೆ ಹಂಚಿಕೊಳ್ಳುತ್ತೇವೆ.

ಪಸಡೀನಾ ಲಾಸ್ ಏಂಜಲೀಸ್‌ಗೆ ತಾಗಿಕೊಂಡಿರುವ ಊರು. ಬೆನ್ನಿಗೆ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲು. ಅಂದು ತಿಂಗಳ ಮೊದಲ ಭಾನುವಾರ. ಹಿಲ್ ಅವೆನ್ಯೂ ರಸ್ತೆಯ ಸಂತ ಫಿಲಿಪ್ಪರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಬಂದರೆ, ಜನ ಸಾಲುಸಾಲಾಗಿ ಹತ್ತಿರದ ಕಾಲೇಜಿನ ಕಡೆ ನಡೆಯುತ್ತಿದ್ದರು.

"ಭಾನುವಾರವೂ ಕಾಲೇಜು ಇದೆಯಾ?" ಎಂದು ಕೇಳಿದೆವು.

"ಕಾಲೇಜಿಗಲ್ಲ ಮಮ್ಮಿ, ಸಂತೆಗೆ" ಎಂದು ಮಗಳು ನಕ್ಕಳು.

ಪಸಡೀನಾ ಸಿಟಿ ಕಾಲೇಜು 1924ರಲ್ಲಿ ಆರಂಭವಾದದ್ದು. ಇಂಥವನ್ನು ಅಲ್ಲಿ ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. ಹೈಸ್ಕೂಲು ಮುಗಿಸಿದವರು ಇಲ್ಲಿ ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ಸೇರಬಹುದು. ನರ್ಸಿಂಗ್, ವೆಲ್ಡಿಂಗ್‌ನಂಥ ಕೆಲಸ ಕಲಿತು ದುಡಿಮೆಗೂ ಇಳಿಯಬಹುದು. ಕರಿಯ ಜನರಿಗೆ ಮುಚ್ಚಿದ್ದ ಬೇಸ್‌ಬಾಲ್ ಮೇಜರ್ ಲೀಗ್‌ನ ಬಾಗಿಲನ್ನು 1947ರಲ್ಲಿ ತೆರೆಸಿದ ಜಾಕಿ ರಾಬಿನ್ಸನ್, ಲೇಖಕಿ ಆಕ್ಟೇವಿಯಾ ಬಟ್ಲರ್ ಇಬ್ಬರೂ ಇಲ್ಲಿ ಓದಿದವರು.

ವಾಹನ ನಿಲ್ಲಿಸುವ ಜಾಗದಲ್ಲೆಲ್ಲ ನೂರಾರು ಅಂಗಡಿಗಳು. ಹಳೆಯ ಗ್ರಾಮಫೋನ್ ರೆಕಾರ್ಡುಗಳು, ಪಿಂಗಾಣಿ ಬಟ್ಟಲು, ಕೈಗಡಿಯಾರ, ಯಾರೋ ತೊಟ್ಟು ಬಿಟ್ಟ ಕೋಟು. ಒಳಹೋಗಲು ಟಿಕೆಟ್ ಇಲ್ಲ. ಮಾರುವವರು ಮಾತ್ರ ಜಾಗಕ್ಕೆ ಬಾಡಿಗೆ ಕೊಡಬೇಕು. ಸಂತೆಯ ಆದಾಯ ವಿದ್ಯಾರ್ಥಿವೇತನಕ್ಕೆ, ಕಾಲೇಜಿನ ಚಟುವಟಿಕೆಗಳಿಗೆ ಹೋಗುತ್ತದೆ. ನಮಗೆ ಮೊಂತಿ ಹಬ್ಬದ ಏಲಂ ನೆನಪಾಯಿತು. ಪೇಟೆಯಲ್ಲಿ ಐವತ್ತು ರೂಪಾಯಿಗೆ ಸಿಗುವ ಸೌತೆಕಾಯಿಯನ್ನು ಇಗರ್ಜಿಯ ಅಂಗಳದಲ್ಲಿ ಐನೂರಕ್ಕೆ ಕೂಗುತ್ತೇವಲ್ಲ, ಅದು ಸೌತೆಕಾಯಿಯ ಬೆಲೆಯಲ್ಲ.

ಸರಕಾರಿ ಕಾಲೇಜಿಗೆ ಇಷ್ಟೆಲ್ಲ ಹಣ ಯಾಕೆ ಎಂದು ನಾವು ಕೇಳಿದಾಗ ಅಳಿಯ ಲೆಕ್ಕ ಬಿಡಿಸಿ ಹೇಳಿದರು. ಆ ರಾಜ್ಯದವರಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ 2012ರಿಂದ ಒಂದು ಯೂನಿಟ್‌ಗೆ 46 ಡಾಲರ್. ಸೆಮಿಸ್ಟರಿಗೆ 12 ಯೂನಿಟ್ ಓದಿದರೆ 552 ಡಾಲರ್. ಬಡವರಿಗೆ ಅದೂ ಮನ್ನಾ. ಆದರೆ ಮನೆ ಬಾಡಿಗೆ, ಪುಸ್ತಕ, ಊಟ ಮನ್ನಾ ಆಗುವುದಿಲ್ಲ. ಅದಕ್ಕಾಗಿ ಕಾಲೇಜಿನೊಳಗೇ ದಿನಸಿಯ ಕೋಣೆಯೊಂದಿದೆ. ಲಾನ್ಸರ್ ಪ್ಯಾಂಟ್ರಿ ಎಂದು ಅದರ ಹೆಸರು. ಮನೆಯಲ್ಲಿ ಅಡುಗೆಗೆ ಏನೂ ಇಲ್ಲದ ವಿದ್ಯಾರ್ಥಿ ಅಲ್ಲಿಂದ ಸಾಮಾನು ಒಯ್ಯಬಹುದು. ಅಮೆರಿಕದಲ್ಲೂ ಹಸಿದು ಕ್ಲಾಸಿಗೆ ಬರುವವರಿದ್ದಾರೆ ಎಂದು ನಾವು ಎಣಿಸಿರಲಿಲ್ಲ.

ದೊಡ್ಡ ದಾನವೂ ಇದೆ. 2021ರಲ್ಲಿ ಮೆಕೆಂಜಿ ಸ್ಕಾಟ್ ಎಂಬ ದಾನಿ ಈ ಕಾಲೇಜಿಗೆ 3 ಕೋಟಿ ಡಾಲರ್ ಕೊಟ್ಟರು. ದಾನಿಗಳಿಂದ ಹಣ ಪಡೆದು ವಿದ್ಯಾರ್ಥಿಗಳಿಗೆ ತಲುಪಿಸಲು ಕಾಲೇಜಿಗೆ ತನ್ನದೇ ಪ್ರತಿಷ್ಠಾನವಿದೆ. 2025ರ ಜನವರಿ 7ರಂದು ಈಟನ್ ಕಾಡ್ಗಿಚ್ಚು ಹತ್ತಿಕೊಂಡು ಪಕ್ಕದ ಆಲ್ಟಡೀನಾದ ಸುತ್ತಮುತ್ತ 9,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಮನೆ ಕಳೆದುಕೊಂಡವರಲ್ಲಿ ಕಾಲೇಜಿನ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಇದ್ದರು. ಪ್ರತಿಷ್ಠಾನ ಅವರಿಗಾಗಿ ಪರಿಹಾರ ನಿಧಿ ಕೂಡಿಸಿತು. ಲ್ಯಾಪ್‌ಟಾಪ್, ಪುಸ್ತಕ ಎಲ್ಲ ಬೂದಿಯಾದ ಮೇಲೆ ಶುಲ್ಕ ಮನ್ನಾ ಇದ್ದರೂ ಓದುವುದು ಹೇಗೆ?

ಆ ಮಾತು ಕೇಳುತ್ತಿದ್ದಂತೆ ನಮ್ಮಿಬ್ಬರಿಗೂ ಒಂದೇ ಮುಖ ಕಣ್ಣಮುಂದೆ ಬಂತು. ನಮ್ಮ ವಾಳೆಯ ಹುಡುಗಿ. ಪ್ಲಸ್ ಟುವಿನಲ್ಲಿ ಒಳ್ಳೆಯ ಅಂಕ ತೆಗೆದು ದೂರದ ಕಾಲೇಜಿನಲ್ಲಿ ಸೀಟು ಪಡೆದಿದ್ದಳು. ಶುಲ್ಕದ ರಿಯಾಯಿತಿಯೂ ಸಿಕ್ಕಿತ್ತು. ಎರಡನೇ ಸೆಮಿಸ್ಟರಿನಲ್ಲಿ ಓದು ಬಿಟ್ಟಳು. ಮನಸ್ಸಿಲ್ಲದೆ ಬಿಟ್ಟಳೆಂದು ನಾವು ತಿಳಿದಿದ್ದೆವು. ಹಾಸ್ಟೆಲಿನ ಊಟದ ಬಿಲ್ಲು ಕಟ್ಟಲಾಗದೆ ಬಂದಳೆಂದು ಗೊತ್ತಾದದ್ದು ವರ್ಷ ಕಳೆದ ಮೇಲೆ. ಅದೇ ವರ್ಷ ಹಬ್ಬದ ದೀಪಾಲಂಕಾರಕ್ಕೆ ನಾವು ಸಂತೋಷದಿಂದ ಹಣ ಕೊಟ್ಟಿದ್ದೆವು. ಫೀಸು ಎಷ್ಟು ಮಗಾ ಎಂದು ಅವಳನ್ನು ಕೇಳಿದ್ದೆವು. ಊಟಕ್ಕೆ ಏನು ಮಾಡುತ್ತೀ ಎಂದು ಕೇಳಿರಲಿಲ್ಲ.

ಸಂತೆಯಲ್ಲಿ ಎರಡು ಪಿಂಗಾಣಿ ಬಟ್ಟಲು ಕೊಂಡೆವು. ಮೂರು ಕೋಟಿ ಕೊಡುವ ಶಕ್ತಿ ನಮ್ಮಂಥವರಿಗೆ ಇಲ್ಲ. ಆದರೆ ಒಂದು ಮಗುವಿನ ತಿಂಗಳ ಊಟದ ಬಿಲ್ಲನ್ನು ಹತ್ತು ಮನೆಯವರು ಸೇರಿದರೆ ಕಟ್ಟಬಹುದು.

ಊರಿಗೆ ಮರಳಿದ ಮೇಲೆ ಆ ಹುಡುಗಿಯ ಮನೆಗೆ ಹೋದೆವು. ಈಗ ಕಾಸರಗೋಡಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮತ್ತೆ ಓದುತ್ತೀಯಾ ಎಂದು ಕೇಳಿದಾಗ ತಾಯಿಯ ಮುಖ ನೋಡಿದಳು, ಬೇಡವೆನ್ನಲಿಲ್ಲ. ಪುನಃ ಸೇರುವ ದಾರಿಯನ್ನು ವಿಚಾರಿಸುತ್ತಿದ್ದೇವೆ. ಮೊಂತಿ ಹಬ್ಬದ ಏಲಂನಲ್ಲಿ ಒಂದು ಪಾಲನ್ನು ಓದುವ ಮಕ್ಕಳ ಊಟಕ್ಕೆ ತೆಗೆದಿಡಲು ಗುರುಗಳಲ್ಲಿ ಕೇಳಿಕೊಂಡಿದ್ದೇವೆ. ನಮ್ಮ ತೋಟದ ಒಂದು ಬಾಳೆಗೊನೆ ಅಲ್ಲಿರುತ್ತದೆ. ದಯವಿಟ್ಟು ಸ್ವಲ್ಪ ಜೋರಾಗಿಯೇ ಕೂಗಿ.