ವುಡ್‌ವರ್ಡ್ ರಸ್ತೆಯಲ್ಲಿ ಒಂದು ಪಾಠ

ಅಮೆರಿಕದ ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಪಟ್ಟಣಕ್ಕೆ ಹೋಗುವ ವುಡ್‌ವರ್ಡ್ ರಸ್ತೆಯಲ್ಲಿ ಆಗಸ್ಟ್ ತಿಂಗಳ ಮೂರನೆಯ ಶನಿವಾರ ಹಳೆಯ ಕಾರುಗಳ ಜಾತ್ರೆ. 1995ರಲ್ಲಿ ಆರಂಭವಾದದ್ದು. ತೇರು ನೋಡಲು ಜಗಲಿ ಹಿಡಿಯುವ ನಮ್ಮವರಂತೆ ಅಲ್ಲಿನ ಜನ ಬೆಳಗಿನಿಂದಲೇ ರಸ್ತೆಯ ಇಕ್ಕೆಲಗಳಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ಮಗಳ ಮನೆಗೆ ಹೋಗಿದ್ದ ನಾನೂ ಅವರ ನಡುವೆ ಇದ್ದೆ.

ನನ್ನೆದುರು ನಿಂತದ್ದು 1964ರ ಪಾಂಟಿಯಾಕ್ ಜಿಟಿಒ. 'ಮಸಲ್ ಕಾರು'ಗಳಿಗೆ ನಾಂದಿ ಹಾಡಿದ ಮಾದರಿ ಎಂದು ಹಲವರು ಹೇಳುತ್ತಾರೆ. ಆಗ ಅದಕ್ಕೆ 6.4 ಲೀಟರಿನ ಎಂಜಿನ್, 325 ಅಶ್ವಶಕ್ತಿ. ಬ್ರೇಕು ಮಾತ್ರ ನಾಲ್ಕೂ ಚಕ್ರಕ್ಕೆ ಡ್ರಮ್!

ಹಿರಿಯರಾದ ಮಾಲೀಕರು ಬಾನೆಟ್ ಎತ್ತಿ ತೋರಿಸಿದರು. ಕಾರ್ಬುರೇಟರ್ ಇರಲಿಲ್ಲ. ಒಳಬರುವ ಗಾಳಿಯನ್ನು ಸಂವೇದಕ ಅಳೆಯುತ್ತದೆ. ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ.

"ಮೊದಲು ಎಂಜಿನ್ ಬದಲಿಸಿದಿರಾ?" ಎಂದೆ.

"ಇಲ್ಲ, ಮೊದಲು ಬ್ರೇಕು" ಎಂದರು.

ನನ್ನೊಳಗಿನ ಮೇಷ್ಟರು ತಲೆದೂಗಿದರು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಕಾರು ನಿಲ್ಲಬೇಕಾದರೆ ಅದರ ಬಹುಪಾಲನ್ನು ಬ್ರೇಕು ಶಾಖವಾಗಿ ಮಾರ್ಪಡಿಸಬೇಕು. ಮುಚ್ಚಿದ ಡ್ರಮ್ಮಿನಲ್ಲಿ ಶಾಖ ಉಳಿದು ಹಿಡಿತ ಸಡಿಲಾಗುತ್ತದೆ. ಗಾಳಿಗೆ ತೆರೆದ ಡಿಸ್ಕ್ ಬೇಗ ತಣಿಯುತ್ತದೆ.

ಊರಿಗೆ ಮರಳಿದ ಮೇಲೆ ತರಗತಿಯಲ್ಲಿ ಈ ಕಥೆ ಹೇಳಿದೆ. ಹುಡುಗರ ಮೊದಲ ಪ್ರಶ್ನೆ, "ಎಷ್ಟು ಸ್ಪೀಡು ಹೋಗುತ್ತದೆ ಸಾರ್?"

ಮಕ್ಕಳೇ, ಬೈಕು ಕೊಡಿಸುವ ತಂದೆತಾಯಿಯರೇ, ಅದನ್ನು ಖಂಡಿತ ಕೇಳಿ. ಆದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಕೇಳಿ.