ಜೂನ್ ಒಂದರಂದು ಹುಟ್ಟಿದವರು

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳನ್ನು ತೆರೆದರೆ ಒಂದು ಸೋಜಿಗ ಕಾಣುತ್ತದೆ. ಊರಿಗೆ ಊರೇ ಜೂನ್ ಒಂದನೆಯ ತಾರೀಖಿನಂದು ಹುಟ್ಟಿದಂತಿದೆ. ಅಣ್ಣನೂ ಜೂನ್ ಒಂದು, ತಮ್ಮನೂ ಜೂನ್ ಒಂದು, ಓಣಿಯ ಕೊನೆಯ ಮನೆಯ ಅಜ್ಜನೂ ಜೂನ್ ಒಂದು!

ಇದರಲ್ಲಿ ಪವಾಡವೇನೂ ಇಲ್ಲ. ಶಾಲೆ ಆರಂಭವಾಗುವ ತಿಂಗಳು ಜೂನ್. ಮಗುವಿನ ಕೈ ಹಿಡಿದು ಬಂದ ತಾಯಿಯನ್ನು ಹುಟ್ಟಿದ ದಿನ ಕೇಳಿದರೆ, 'ಗವಿಮಠದ ಜಾತ್ರಿ ಮುಗದ ಎರಡನೇ ಸ್ವಾಮಾರ' ಎನ್ನುತ್ತಿದ್ದಳು. ವರ್ಷ ಕೇಳಿದರೆ, 'ಮಳಿ ಕೈ ಕೊಟ್ಟ ವರ್ಷರಿ' ಎನ್ನುತ್ತಿದ್ದಳು. ಆಗ ಮೇಷ್ಟ್ರು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಶಾಲೆಗೆ ಬರುವ ವಯಸ್ಸಾಯಿತು ಎಂದು ಅರ್ಥ. ಪುಸ್ತಕದಲ್ಲಿ ಜೂನ್ ಒಂದು ಎಂದು ಬರೆದರೆ ಕೆಲಸ ಮುಗಿಯಿತು. ಆ ಒಂದು ಗೆರೆ ಮುಂದೆ ನೌಕರಿಗೆ, ಮದುವೆಗೆ, ನಿವೃತ್ತಿಗೆ ಎಲ್ಲದಕ್ಕೂ ಸಾಕ್ಷಿಯಾಗಿ ನಿಲ್ಲುತ್ತಿತ್ತು.

2018ರ ಮಳೆಗಾಲದಲ್ಲಿ ಕುಷ್ಟಗಿ ತಾಲ್ಲೂಕಿನ ಒಬ್ಬ ಒಣಬೇಸಾಯದ ರೈತನಿಗೆ ಅದೇ ಗೆರೆ ತೊಡಕಾಯಿತು. ಮಗ ಎಂಟನೆಯ ತರಗತಿ. ಕಬಡ್ಡಿ, ವಾಲಿಬಾಲ್ ಮತ್ತು ಎಲ್ಲ ಕಡೆಯ ಕ್ರಿಕೆಟ್ಟಿನ ಆ ಊರಿನಲ್ಲಿ ಈ ಹುಡುಗ ಮಾತ್ರ ಫುಟ್‌ಬಾಲ್ ಹಿಡಿದಿದ್ದ. ಹಿಂದಿನ ಅಕ್ಟೋಬರಿನಲ್ಲಿ ಟಿ.ವಿ.ಯಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನೋಡಿದ್ದೇ ಅದಕ್ಕೆ ಕಾರಣ. ಶಾಲೆಯ ದೈಹಿಕ ಶಿಕ್ಷಕರು ಒಂದು ಹಳೆಯ ಚೆಂಡಿಗೆ ಗಾಳಿ ತುಂಬಿಸಿ ಕೊಟ್ಟಿದ್ದರು. ಬರಿಗಾಲಿನ ಹುಡುಗ ಮಸಾರಿ ನೆಲದಲ್ಲಿ ಚೆಂಡನ್ನು ಕರುವಿನ ಹಾಗೆ ಹೊಡೆದುಕೊಂಡು ಓಡುತ್ತಿದ್ದ. 14 ವರ್ಷದೊಳಗಿನವರ ಆಯ್ಕೆ ಎಂಬ ಸುದ್ದಿ ಬಂತು. 2005ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಅವಕಾಶ. ಪುಸ್ತಕದಲ್ಲಿದ್ದದ್ದು 2004ರ ಜೂನ್ 1.

ತಂದೆ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ಶಿಕ್ಷಕರ ಮುಂದೆ ನಿಂತ. 'ಸರ, ಹೆಂಗೂ ಅದು ಅಂದಾಜಿನ ತಾರೀಖು. ಇನ್ನೊಂದ ವರ್ಷ ಕಮ್ಮಿ ಮಾಡಿ ಬರದ ಕೊಡ್ರಿ. ಯಾರಿಗೆ ಗೊತ್ತಾಕೈತಿ?'

'ಮದ್ಲ ಮನ್ಯಾಗ ದವಾಖಾನಿ ಚೀಟಿ ಐತೇನು ನೋಡ್ರಿ ಯಜಮಾನ್ರ, ಆಮ್ಯಾಗ ಮಾತಾಡೂಣು' ಎಂದರು ಶಿಕ್ಷಕರು.

ತಂದೆಯ ಪ್ರಶ್ನೆ ಹೊಸದಲ್ಲ. ಜಗತ್ತಿನ ಕಿರಿಯರ ಫುಟ್‌ಬಾಲ್ ಆ ಪ್ರಶ್ನೆಯೊಂದಿಗೆ ಬಹಳ ಕಾಲದಿಂದ ಗುದ್ದಾಡಿದೆ. ಕಿರಿಯರಿಗೆ ಬೇರೆ ತಂಡ, ಬೇರೆ ಟೂರ್ನಿ ಏಕೆ ಬೇಕು? ಹದಿಮೂರು ಹದಿನಾಲ್ಕರ ಗಂಡುಹುಡುಗ ಒಂದೇ ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಎತ್ತರ ಬೆಳೆಯಬಲ್ಲ. ಒಂದು ವರ್ಷ ದೊಡ್ಡವನು ಎದುರು ನಿಂತರೆ ಕೌಶಲದ ಮಾತು ಹಿಂದೆ ಬಿದ್ದು ಮೈಕಟ್ಟಿನ ಮಾತು ಮುಂದೆ ಬರುತ್ತದೆ. ಅದಕ್ಕಾಗಿಯೇ ವಯಸ್ಸಿನ ಗೆರೆ. ಫಿಫಾ 1985ರಲ್ಲಿ ಚೀನಾದಲ್ಲಿ 16 ವರ್ಷದೊಳಗಿನವರಿಗೆ ವಿಶ್ವಮಟ್ಟದ ಟೂರ್ನಿ ಆರಂಭಿಸಿತು. 1991ರಿಂದ ಅದು 17 ವರ್ಷದೊಳಗಿನವರ ಟೂರ್ನಿಯಾಯಿತು. ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಅದನ್ನು 2025ರಿಂದ ಪ್ರತಿವರ್ಷ ನಡೆಸಲು ಶುರುಮಾಡಿದ್ದಾರೆ.

ಗೆರೆ ಇದ್ದಲ್ಲಿ ಗೆರೆ ದಾಟುವವರೂ ಇರುತ್ತಾರೆ. ಮೆಕ್ಸಿಕೊ ದೇಶ 1988ರಲ್ಲಿ ತನ್ನ 20 ವರ್ಷದೊಳಗಿನವರ ತಂಡದಲ್ಲಿ ವಯಸ್ಸು ಮೀರಿದವರನ್ನು ಆಡಿಸಿ ಸಿಕ್ಕಿಬಿತ್ತು. ಶಿಕ್ಷೆ ಆ ಹುಡುಗರಿಗಷ್ಟೇ ಆಗಲಿಲ್ಲ. ದೇಶದ ಎಲ್ಲ ತಂಡಗಳಿಗೂ ಎರಡು ವರ್ಷ ನಿಷೇಧ ಬಿತ್ತು. ಕಿರಿಯರ ತಂಡದ ಕಾಗದದ ಮೇಲೆ ತಿದ್ದಿದ ಒಂದೆರಡು ಅಂಕಿಗಳಿಂದಾಗಿ, ಏನೂ ತಪ್ಪು ಮಾಡದ ಹಿರಿಯರ ತಂಡ 1990ರ ಇಟಲಿ ವಿಶ್ವಕಪ್ಪಿನಿಂದ ಹೊರಗುಳಿಯಿತು.

ಭಾರತದ ಕಿರಿಯರ ತಂಡಕ್ಕೆ ಹೆಮ್ಮೆಪಡುವಂಥ ಚರಿತ್ರೆಯೇ ಇದೆ. 1974ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯನ್ ಯುವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಇರಾನ್ ವಿರುದ್ಧ 2–2 ಸಮ ಮಾಡಿಕೊಂಡು ಭಾರತ ಜಂಟಿ ವಿಜೇತವಾಯಿತು. ನಾಯಕ ಶಬ್ಬೀರ್ ಅಲಿ ಹೈದರಾಬಾದಿನವರು. ಕೊಪ್ಪಳದ ನೆಲಕ್ಕೆ ಹೈದರಾಬಾದ್ ದೂರವಲ್ಲ. 1956ರ ಭಾಷಾವಾರು ಪ್ರಾಂತ ರಚನೆಯವರೆಗೆ ಈ ತಾಲ್ಲೂಕುಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ಗೆಲ್ಲಿಸಿದ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಕೂಡ ಹೈದರಾಬಾದಿನವರೇ. ಅವರು ವೃತ್ತಿಯಿಂದ ಶಾಲಾ ಶಿಕ್ಷಕರು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಆದರೆ ವಿಶ್ವಕಪ್ ಎಂಬುದು ಭಾರತಕ್ಕೆ ಬಹುಕಾಲ ಟಿ.ವಿ.ಯಲ್ಲಿ ನೋಡುವ ಸಂಗತಿಯೇ ಆಗಿತ್ತು. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆದಾಗ ಆತಿಥೇಯ ದೇಶವೆಂಬ ಕಾರಣದಿಂದ ತಂಡಕ್ಕೆ ನೇರ ಪ್ರವೇಶ ಸಿಕ್ಕಿತು. ಅಕ್ಟೋಬರ್ 6ರಂದು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಅಮೆರಿಕದ ಎದುರು 0–3 ಸೋಲು. 9ರಂದು ಕೊಲಂಬಿಯಾ. ಆ ಪಂದ್ಯವನ್ನೇ ಕುಷ್ಟಗಿಯ ಹುಡುಗ ಪಕ್ಕದ ಮನೆಯ ಟಿ.ವಿ. ಮುಂದೆ ಕೂತು ನೋಡಿದ್ದು.

ವಿರಾಮದ ನಂತರ ಕೊಲಂಬಿಯಾ ಒಂದು ಗೋಲು ಹೊಡೆಯಿತು. 82ನೆಯ ನಿಮಿಷದಲ್ಲಿ ಭಾರತಕ್ಕೆ ಕಾರ್ನರ್ ಕಿಕ್ ಸಿಕ್ಕಿತು. ಚೆಂಡನ್ನು ಮೂಲೆಯಲ್ಲಿಟ್ಟು ಒದ್ದವನು ಸಂಜೀವ್ ಸ್ಟಾಲಿನ್, ಬೆಂಗಳೂರಿನ ಹುಡುಗ. ಗಾಳಿಯಲ್ಲಿ ಬಂದ ಚೆಂಡಿಗೆ ಆರಡಿ ಮೀರಿದ ಮಣಿಪುರದ ಜೀಕ್ಸನ್ ಸಿಂಗ್ ಎಗರಿ ತಲೆ ಕೊಟ್ಟ. ಚೆಂಡು ಬಲೆಯೊಳಗೆ! ಫಿಫಾ ನಡೆಸುವ ಯಾವುದೇ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು ಅದು. ಸಂತೋಷ ಒಂದು ನಿಮಿಷವೂ ಬಾಳಲಿಲ್ಲ. ಮರುಕ್ಷಣವೇ ಕೊಲಂಬಿಯಾ ಇನ್ನೊಂದು ಗೋಲು ಹೊಡೆದು 2–1ರಲ್ಲಿ ಗೆದ್ದಿತು. ಘಾನಾ ಎದುರು 0–4 ಸೋಲಿನೊಂದಿಗೆ ಭಾರತದ ಪಯಣ ಮುಗಿಯಿತು. ಆದರೂ ಆ ಗೋಲು ಉಳಿಯಿತು. ಅದರ ಅರ್ಧ ಪಾಲು ಕರ್ನಾಟಕದ ಕಾಲಿಗೆ ಸೇರಿದ್ದು.

ಸ್ಟಾಲಿನ್‌ನ ತಾಯಿ ಬೆಂಗಳೂರಿನ ರಸ್ತೆ ಬದಿಯಲ್ಲಿ ಬಟ್ಟೆ ಮಾರುತ್ತಿದ್ದ ಸಂಗತಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮಗ ಆಟ ಕಲಿಯಲು ಚಂಡೀಗಢದ ಅಕಾಡೆಮಿಯವರೆಗೆ ಹೋಗಿದ್ದ. ಇನ್ನೊಂದು ಸಣ್ಣ ಸಂಗತಿಯನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಆ ವಿಶ್ವಕಪ್ಪಿಗೆ 2000ದ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಮಾತ್ರ ಅರ್ಹರು. ಸ್ಟಾಲಿನ್ ಹುಟ್ಟಿದ್ದು 2000ದ ಜನವರಿ 17. ಕೇವಲ ಹದಿನೇಳು ದಿನ ಮೊದಲು ಹುಟ್ಟಿದ್ದರೆ ಆ ಮೂಲೆಯಲ್ಲಿ ಚೆಂಡಿಟ್ಟು ಒದೆಯುವವನು ಬೇರೆ ಯಾರೋ ಆಗಿರುತ್ತಿದ್ದ.

ಇಂಥ ಗೆರೆಯನ್ನು ಬರೀ ಕಾಗದ ನಂಬಿ ಕಾಯಲಾಗುವುದಿಲ್ಲ. ಕಿವಿ ಮುಟ್ಟಿಸುತ್ತಿದ್ದ ಮೇಷ್ಟ್ರ ಹಾಗೆ ವೈದ್ಯರೂ ಮೈಯನ್ನೇ ಕೇಳುತ್ತಾರೆ. ಅವರು ಕೇಳುವುದು ಮಣಿಕಟ್ಟನ್ನು. ಮುಂಗೈಯಲ್ಲಿ ರೇಡಿಯಸ್, ಅಲ್ನಾ ಎಂಬ ಎರಡು ಎಲುಬುಗಳಿವೆ. ಬೆಳೆಯುವ ಮಕ್ಕಳಲ್ಲಿ ಈ ಎಲುಬುಗಳ ತುದಿಯ ಹತ್ತಿರ ಮೃದ್ವಸ್ಥಿಯ ತೆಳು ಪದರವಿರುತ್ತದೆ. ಅಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತ, ಹಳೆಯವು ಗಟ್ಟಿ ಎಲುಬಾಗುತ್ತ ಕೈ ಉದ್ದವಾಗುತ್ತದೆ. ಜೋಳದ ಹೊಲ ನೋಡಿದವರಿಗೆ ಇದು ಸುಲಭ. ದಂಟು ಬೆಳೆಯುವುದು ಗೆಣ್ಣಿನ ಹತ್ತಿರದ ಎಳೆಯ ಭಾಗದಲ್ಲಿ. ತೆನೆ ಹೊರಬಿದ್ದ ಮೇಲೆ ದಂಟು ಎತ್ತರವಾಗುವುದು ನಿಲ್ಲುತ್ತದೆ. ಹಾಗೆಯೇ ಹರೆಯದ ಹಾರ್ಮೋನುಗಳು ಕೆಲಸ ಮುಗಿಸಿದಾಗ ಮೃದ್ವಸ್ಥಿಯ ಪದರವೂ ಎಲುಬಾಗಿ ಎರಡೂ ಭಾಗ ಬೆಸೆದುಕೊಳ್ಳುತ್ತವೆ.

17 ವರ್ಷದೊಳಗಿನವರ ಟೂರ್ನಿಯಲ್ಲಿ ಫಿಫಾ 2009ರಿಂದ ಮಣಿಕಟ್ಟಿನ ಎಂ.ಆರ್.ಐ. ಪರೀಕ್ಷೆ ನಡೆಸುತ್ತಿದೆ. ಇದರಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ಪ್ರಬಲ ಕಾಂತಕ್ಷೇತ್ರದಲ್ಲಿ ದೇಹದ ನೀರಿನಲ್ಲಿರುವ ಹೈಡ್ರೋಜನ್ ಬೀಜಕೇಂದ್ರಗಳು ರೇಡಿಯೊ ಅಲೆಗಳಿಗೆ ಉತ್ತರ ಕೊಡುತ್ತವೆ. ನೀರು ಹೆಚ್ಚಿರುವ ಮೃದ್ವಸ್ಥಿ ಒಂದು ಬಗೆಯಾಗಿ, ಗಟ್ಟಿ ಎಲುಬು ಇನ್ನೊಂದು ಬಗೆಯಾಗಿ ಚಿತ್ರದಲ್ಲಿ ಕಾಣುತ್ತದೆ. ಬೆಸುಗೆಯನ್ನು ಆರು ಹಂತಗಳಾಗಿ ವಿಂಗಡಿಸಿದ್ದಾರೆ. ಆರನೆಯ ಹಂತ ಎಂದರೆ ಪೂರ್ಣ ಬೆಸುಗೆ. ಹದಿನೇಳು ತುಂಬದ ಹುಡುಗನಲ್ಲಿ ಅದು ಕಾಣುವುದು ತೀರ ಅಪರೂಪ. ಭಾರತದಲ್ಲಿ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ನೋಡಿ ಎಲುಬಿನ ವಯಸ್ಸು ಅಳೆಯುವ ಟಿ.ಡಬ್ಲ್ಯು.-3 ಎಂಬ ಪದ್ಧತಿಯನ್ನೂ ಬಳಸುತ್ತಾರೆ.

ವಿಜ್ಞಾನ ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳುತ್ತದೆ. ಎಲುಬಿನ ವಯಸ್ಸು ಬೇರೆ, ಪಂಚಾಂಗದ ವಯಸ್ಸು ಬೇರೆ. ಕೆಲವರು ಬೇಗ ಬಲಿಯುತ್ತಾರೆ, ಕೆಲವರು ತಡವಾಗಿ. ಎಲುಬಿನ ಚಿತ್ರ 'ಇವನು ಇಂಥ ದಿನ ಹುಟ್ಟಿದ' ಎಂದು ಹೇಳಲಾರದು. ಅದಕ್ಕೇ ನಿಜವಾದ ಜನನ ದಾಖಲೆಯ ಬೆಲೆ ಕಡಿಮೆಯಾಗುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪದ್ಧತಿಯಂತೆ ಮಗು ಹುಟ್ಟಿದ 21 ದಿನಗಳೊಳಗೆ ನೋಂದಾಯಿಸಬೇಕು. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ಆಧಾರ. ಕಿವಿ ಮುಟ್ಟಿಸುವ ಕಾಲ ಮುಗಿಯಿತು.

ಪಾಲಕರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ವಯಸ್ಸು ಕಡಿಮೆ ಬರೆಸಿಕೊಂಡ ಹುಡುಗ ಹದಿಮೂರರವರ ನಡುವೆ ಹುಲಿಯಂತೆ ಕಾಣುತ್ತಾನೆ. ಮೈಬಲದಿಂದಲೇ ಗೆಲ್ಲುವುದರಿಂದ ಚೆಂಡನ್ನು ಹದವಾಗಿ ತಡೆಯುವುದನ್ನೂ ಸಮಯ ನೋಡಿ ಪಾಸ್ ಕೊಡುವುದನ್ನೂ ಕಲಿಯುವುದಿಲ್ಲ. ಹದಿನೆಂಟರ ಹೊತ್ತಿಗೆ ಉಳಿದವರ ಮೈಯೂ ಬಲಿತಾಗ ಅವನ ಆಟ ಬರಿದಾಗುತ್ತದೆ. ಅವನು ಕಿತ್ತುಕೊಂಡ ಜಾಗದಲ್ಲಿ ಆಡಬೇಕಾಗಿದ್ದ ಸಣ್ಣ ಹುಡುಗನಾದರೋ ಅಷ್ಟರಲ್ಲಿ ಆಟವನ್ನೇ ಬಿಟ್ಟಿರುತ್ತಾನೆ. ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡಬೇಕು ಎನ್ನುತ್ತಾರೆ ಹಿರಿಯರು. ಬಲಿತ ಗಿಡವನ್ನು ಮೊಳಕೆಯೆಂದು ತೋರಿಸಿದರೆ ನೋಡುವವರು ಏನು ತಿಳಿದಾರು?

ಕುಷ್ಟಗಿಯ ರೈತನ ಮನೆಯಲ್ಲಿ ಟ್ರಂಕಿನ ತಳದಿಂದ ದವಾಖಾನೆಯ ಚೀಟಿ ಸಿಕ್ಕಿತು. ತಾಯಿ ಅದನ್ನು ಮಡಿಸಿ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದಳು. ಅದರಲ್ಲಿದ್ದ ದಿನಾಂಕ 2004ರ ನವೆಂಬರ್ 28. ಶಾಲೆಯ ಪುಸ್ತಕ ಹುಡುಗನನ್ನು ಸುಮಾರು ಆರು ತಿಂಗಳು ದೊಡ್ಡವನನ್ನಾಗಿ ಮಾಡಿತ್ತು, ನಿಜ. ಆದರೂ ಗೆರೆಯಿಂದ ಮೂವತ್ನಾಲ್ಕು ದಿನ ಆಚೆಗೇ ಅವನು ಹುಟ್ಟಿದ್ದ.

ತಂದೆಯ ಮುಖ ಸಣ್ಣದಾಯಿತು. 'ಬರೇ ಒಂದ ತಿಂಗಳರಿ ಸರ. ಒಂದ ತಿಂಗಳದಾಗ ಹುಡುಗ ಏನ್ ಅಂಥಾ ದೊಡ್ಡಾಂವ ಆಗ್ತಾನ್ರಿ?'

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಶಿಕ್ಷಕರು ಕೂಡಲೇ ಉತ್ತರ ಕೊಡಲಿಲ್ಲ. ಇವನಿಗಿಂತ ಚೆನ್ನಾಗಿ ಚೆಂಡು ಹಿಡಿಯುವ ಹುಡುಗನನ್ನು ಅವರು ಆ ಶಾಲೆಯಲ್ಲಿ ಕಂಡಿರಲಿಲ್ಲ. ಕಡೆಗೆ, 'ಖರೇ ತಾರೀಖಿಗೆ ತಿದ್ದುಪಡಿ ಮಾಡಸೂಣು, ಅದು ನಿಮ್ಮ ಹಕ್ಕು. ಅದಕ್ಕಿಂತ ಆಚಿಗೆ ನನ್ನ ಪೆನ್ನು ಹೋಗಂಗಿಲ್ಲ ಯಜಮಾನ್ರ. ನಾ ಬರದ ಕೊಟ್ಟರೂ ನಾಳೆ ಅವನ ಮಣಿಕಟ್ಟು ಸುಮ್ಮನಿರಂಗಿಲ್ಲ' ಎಂದರು.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಹುಡುಗ ಬಾಯಿ ತೆರೆದ. 'ಅಪ್ಪಾ, ಬಿಡು. ನಾ ದೊಡ್ಡವರ ಕೂಡನ ಆಡ್ತೀನಿ.'

ಅವನು 17 ವರ್ಷದೊಳಗಿನವರ ಆಯ್ಕೆಗೆ ಕೊಪ್ಪಳಕ್ಕೆ ಹೋದ. ಗಂಗಾವತಿ ಕಡೆಯಿಂದ ಬಂದ, ಮೀಸೆ ಚಿಗುರಿದ ಹುಡುಗರ ನಡುವೆ ಎಲ್ಲರಿಗಿಂತ ಗಿಡ್ಡವನಾಗಿದ್ದ. ಎರಡು ಸಲ ಬಿದ್ದ, ಮೊಣಕಾಲು ತರಚಿತು, ಆಯ್ಕೆಯಾಗಲಿಲ್ಲ. ಸಂಜೆಯ ಬಸ್ಸಿನಲ್ಲಿ ತಂದೆ ಮಾತಾಡದೆ ಕಿಟಕಿಯ ಹೊರಗೆ ನೋಡುತ್ತಿದ್ದ. ಮಗ ಮಾತ್ರ, ತನಗಿಂತ ಎತ್ತರದ ಒಬ್ಬನು ಮೈ ತಾಗಿಸದೆಯೇ ತನ್ನನ್ನು ಹೇಗೆ ದಾಟಿ ಹೋದ ಎಂಬುದನ್ನು ಕೈಯಲ್ಲಿ ಅಭಿನಯಿಸಿ ತೋರಿಸುತ್ತಿದ್ದ. ಮರುದಿನ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಅದನ್ನೇ ಅಭ್ಯಾಸ ಮಾಡತೊಡಗಿದ.

ಮುಂದಿನ ಜೂನ್ ಬಂತು. ಒಂದನೆಯ ತರಗತಿಗೆ ಮಕ್ಕಳನ್ನು ಕರೆತಂದವರಿಗೆಲ್ಲ ಮುಖ್ಯೋಪಾಧ್ಯಾಯರು ಜನನ ಪ್ರಮಾಣಪತ್ರ ತರಲೇಬೇಕೆಂದು ಪಟ್ಟು ಹಿಡಿದರು. ಕೆಲವರು ಗೊಣಗಿದರು, ಕೆಲವರು ಎರಡೆರಡು ಸಲ ಓಡಾಡಿದರು. ಆ ವರ್ಷದ ಪುಟದಲ್ಲಿ ಜೂನ್ ಒಂದು ಎಂಬ ದಿನಾಂಕ ಒಂದೇ ಒಂದು ಸಲ ಬಂತು. ಆ ಹೆಣ್ಣುಮಗು ನಿಜವಾಗಿಯೂ ಜೂನ್ ಒಂದರಂದೇ ಹುಟ್ಟಿತ್ತು.