ಬಗ್ಗೋದಾ, ಕುಕ್ಕರಗಾಲಲ್ಲಿ ಕೂರೋದಾ?

ನಮ್ಮ ನ್ಯಾಮತಿ, ಹೊನ್ನಾಳಿ ಕಡೆ ಭತ್ತದ ನಾಟಿ ಮಾಡೋ ಹೆಂಗಸರು ಸೊಂಟದಿಂದ ಪೂರ್ತಿ ಬಗ್ಗಿ, ಹಿಂದೆ ಹಿಂದೆ ಹೆಜ್ಜೆ ಇಡ್ತಾ ಹೋಗ್ತಾರೆ. ಅದೇ ಜಗಳೂರಿನ ಒಣಭೂಮಿಯಲ್ಲಿ ಶೇಂಗಾ ಹೊಲದ ಕಳೆ ಕೀಳೋರು ಕುಕ್ಕರಗಾಲಲ್ಲಿ ಕೂತು ಮುಂದೆ ಜರುಗ್ತಾರೆ. ಎರಡೂ ನೆಲದ ಕೆಲಸಾನೇ, ಮತ್ಯಾಕೆ ಹೀಗೆ?

ಹಿಂದಕ್ಕೆ ಹೋಗೋದೇನೋ ಸರಿ, ನೆಟ್ಟ ಸಸಿ ತುಳೀಬಾರದಲ್ಲ. ಬಗ್ಗೋದಕ್ಕೆ ಕಾರಣ ಕೆಸರು. ಕೂತರೆ ಸೀರೆ ನೆನೆಯೋದು ಹಾಗಿರಲಿ, ಮಂಡಿ ಎದೆಗೆ ಬಂದು ಕೈ ಆಡೋಕೆ ಜಾಗ ಇರಲ್ಲ. ಪ್ರತಿ ಹೆಜ್ಜೆಗೂ ಇಡೀ ಮೈ ಎತ್ತಬೇಕು. ಬಗ್ಗಿ ನಿಂತರೆ ಕಾಲೊಂದು ಕಿತ್ತಿಟ್ಟರೆ ಸಾಕು. ಜೊತೆಗೆ ಇನ್ನೊಂದು ಮೋಸ ಇದೆ. ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯುಗಳು ಹೆಚ್ಚುಕಡಿಮೆ ಕೆಲಸ ನಿಲ್ಲಿಸಿ, ಭಾರವನ್ನೆಲ್ಲ ಬೆನ್ನುಮೂಳೆ ಕಟ್ಟಿರೋ ಅಸ್ಥಿರಜ್ಜುಗಳ ಮೇಲೆ ಬಿಡ್ತವೆ. ಫ್ಲಾಯ್ಡ್ ಮತ್ತು ಸಿಲ್ವರ್ ಅನ್ನೋರು 1955ರಲ್ಲೇ ಸ್ನಾಯುಗಳ ವಿದ್ಯುತ್ ಅಳೆದು ಇದನ್ನ ತೋರಿಸಿದ್ರು. ಹಾಗಾಗಿ ಬಗ್ಗಿರುವಾಗ ಅಷ್ಟು ಗೊತ್ತಾಗಲ್ಲ, ಎದ್ದು ನಿಂತಾಗ 'ಅಯ್ಯಮ್ಮಾ' ಅನ್ಸುತ್ತೆ. ಕೆಲವರು ಸಸಿ ಹಿಡಿದ ಎಡಗೈಯ ಮೊಣಕೈಯನ್ನ ತೊಡೆ ಮೇಲೆ ಊರಿರ್ತಾರೆ, ಗಮನಿಸಿ. ಬೆನ್ನಿನ ಭಾರ ಒಂದಷ್ಟು ಕಾಲಿಗೆ ಇಳೀತು!

ಹೆಗಲಿಂದ ಮಣಿಕಟ್ಟಿನ ತನಕ ನಮ್ಮ ಕೈ 7 ರೀತಿಯಲ್ಲಿ ತಿರುಗುತ್ತೆ. ಒಂದು ವಸ್ತುವನ್ನ ಬೇಕಾದ ಕಡೆ, ಬೇಕಾದ ಓರೆಯಲ್ಲಿ ಇಡೋಕೆ 6 ಸಾಕು. ಅಂದ್ರೆ ಒಂದೇ ಸಸಿ ನೆಡೋಕೆ ಲೆಕ್ಕವಿಲ್ಲದಷ್ಟು ದಾರಿ. ರಷ್ಯಾದ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಸುತ್ತಿಗೆ ಏಟುಗಳ ಚಿತ್ರ ತೆಗೆದು ನೋಡಿದಾಗ, ಪ್ರತಿ ಏಟಿಗೂ ಕೀಲುಗಳು ಬೇರೆ ಬೇರೆ ದಾರಿ ಹಿಡಿದ್ರೂ ಸುತ್ತಿಗೆ ಬೀಳಬೇಕಾದಲ್ಲೇ ಬೀಳ್ತಿತ್ತು. ರೋಬೋಗಾದ್ರೆ ಇಷ್ಟರಲ್ಲಿ ಯಾವ ದಾರಿ ಒಳ್ಳೇದು ಅಂತ ನಾವು ಸೂತ್ರ ಬರೆದುಕೊಡಬೇಕು. ಮನುಷ್ಯರಿಗೆ ಆ ಸೂತ್ರ ಬರೆಯೋದು ಮಂಡಿ, ಸೊಂಟ, ಕೆಸರು. ಚನ್ನಗಿರಿಯಂಥ ಅಡಿಕೆ ಸೀಮೆಯಲ್ಲಿ ಮರ ಹತ್ತೋ ಕೊನೆಗಾರನನ್ನೇ ನೋಡಿ. ಇಳಿದು ಮತ್ತೆ ಹತ್ತೋ ಬದಲು ಮರವನ್ನೇ ತೂಗಿ ಪಕ್ಕದ ಮರ ಹಿಡೀತಾನೆ. ಅಪಾಯ ನಿಜ, ಆದ್ರೆ ತೊಡೆಯ ಶಕ್ತಿ ಉಳೀತಲ್ಲ.

ಇಷ್ಟೆಲ್ಲಾ ಓದೋಕೆ ಶುರು ಮಾಡಿದ್ದು ಜಗಳೂರಿನ ನಮ್ಮ ದೊಡ್ಡಮ್ಮನಿಂದ. ಎರಡು ವರ್ಷದಿಂದ ಅವರ ಮಂಡಿ ಪೂರ್ತಿ ಮಡಚಲ್ಲ. ಕೂರೋಕಾಗದೆ ಬಗ್ಗಿ ಕಳೆ ಕಿತ್ತರು, ಈಗ ಸೊಂಟ ಹಿಡ್ಕೊಂಡಿದೆ. ಡಾಕ್ಟ್ರು ಬಗ್ಗಲೇಬೇಡಿ ಅಂತಾರೆ. ಉಳಿದಿದ್ದು ನಿಲ್ಲೋದೊಂದೇ. ಹೋದ ಸಲ ಒಂದು ಸೈಕಲ್ ವೀಡರ್ ತಂದುಕೊಟ್ಟೆ. ಮೆಕ್ಕೆಜೋಳದ ಸಾಲಲ್ಲಿ ನಿಂತೇ ತಳ್ಕೊಂಡು ಹೋಗ್ತಾರೆ, ಖುಷಿಯಾಗಿದಾರೆ. ಶೇಂಗಾದಲ್ಲಿ ಮಾತ್ರ ಗಿಡದ ಬುಡಕ್ಕೇ ಅಂಟಿದ ಕಳೆಗೆ ಅದರ ಆಟ ನಡೆಯಲ್ಲ.

"ಇದಕ್ಕೆ ಕೈನೇ ಬೇಕು ಕಣಪ್ಪ" ಅಂದ್ರು.

ಸೊಂಟಕ್ಕೆ ಕಟ್ಟಿಕೊಂಡು, ಹೋದಲ್ಲೆಲ್ಲ ಕೂರೋ ಪುಟ್ಟ ಸ್ಟೂಲ್ ಬರುತ್ತಂತೆ. ಮಂಡಿ ಅರ್ಧ ಮಡಚಿದ್ರೆ ಸಾಕಾಗೋ ಎತ್ತರದ್ದು ಹುಡುಕ್ತಿದೀನಿ. ನಿಮ್ಮ ಕಡೆ ಯಾರಾದ್ರೂ ಹೊಲದಲ್ಲಿ ಬಳಸಿದ್ರೆ, ಮಣ್ಣಲ್ಲಿ ಹೂತುಕೊಳ್ಳುತ್ತಾ ಇಲ್ವಾ ಅಂತ ದಯವಿಟ್ಟು ಹೇಳಿ...